ದೊಡ್ಡಮನೆಯಲ್ಲಿ ನನ್ನದೂ ಒಂದು ಮತ

ಮಾರ್ಚ್ ೩, ಮಂಗಳವಾರ

ಲೋಕದ ದೇಶಗಳಿಗೆಲ್ಲ ಸಾಲ ಕೊಡುವ ದೊಡ್ಡಮನೆಗೆ ಮುಂದಿನ ಅಧ್ಯಕ್ಷ ಯಾರಾಗಬೇಕೆಂಬುದು ಸದ್ಯಕ್ಕೆ ನನ್ನ ಕೈಯಲ್ಲಿದೆ. ಹಳೆಯ ಅಧ್ಯಕ್ಷ ರಾಜೀನಾಮೆ ಕೊಟ್ಟ ಸುದ್ದಿ ಇವತ್ತಿನ ಪೇಪರಿನ ಏಳನೆಯ ಪುಟದಲ್ಲಿ ಬಂದಿದೆ. ಮೊದಲ ಪುಟದಲ್ಲಿ ಬರಬೇಕಿತ್ತು, ನನ್ನನ್ನು ಕೇಳಿದ್ದರೆ ಹಾಗೆಯೇ ಹೇಳುತ್ತಿದ್ದೆ. ಆ ಮನೆಗೆ ಬೇರೇನೋ ಉದ್ದದ ಹೆಸರಿದೆ. ನಮ್ಮ ಮಾರುಕಟ್ಟೆಯಲ್ಲಿ ಅದನ್ನು ಪೂರ್ತಿ ಹೇಳಲು ಯಾರಿಗೂ ಪುರುಸೊತ್ತಿಲ್ಲ, ಅದಕ್ಕೇ ದೊಡ್ಡಮನೆ ಎನ್ನುತ್ತೇವೆ.

ಇದು ಬರಿಯ ಬಡಾಯಿಯಲ್ಲ. ಆ ಮನೆಯ ಒಂದು ಷೇರು ನನ್ನದು. ಹೊಂಬಣ್ಣದ ಮುದ್ರೆ, ಕೆಳಗೆ ಮೂರು ಸಹಿ, ಸುತ್ತ ಬಳ್ಳಿಯ ಅಂಚು ಇರುವ ಕಾಗದ. ಹೋದ ವರ್ಷ ಟೈ ಕಟ್ಟಿಕೊಂಡು ಬಂದಿದ್ದ ಏಜೆಂಟನಿಂದ ಕೊಂಡೆ. ಷೇರು ಇದ್ದವನಿಗೆ ಮತ ಇರಲೇಬೇಕಲ್ಲ. ಚುನಾವಣೆ ಯಾವಾಗ ಬಂದರೂ ಇರಲಿ ಎಂದು ನನ್ನ ಮತವನ್ನು ಮುಂಗಡವಾಗಿಯೇ ಕಳುಹಿಸಿಬಿಟ್ಟಿದ್ದೇನೆ. ಇವತ್ತು ಏಜೆಂಟನಿಗೆ ಫೋನು ಮಾಡಿದೆ. ಈ ಸಂಖ್ಯೆ ಚಾಲ್ತಿಯಲ್ಲಿಲ್ಲ ಎಂದು ಒಬ್ಬಳು ಹೇಳಿದಳು. ದೊಡ್ಡ ಕೆಲಸದಲ್ಲಿರುವವರು ಸಂಖ್ಯೆ ಬದಲಿಸುತ್ತಿರುತ್ತಾರೆ.

ಮುಂದೆ ನನ್ನ ಚರಿತ್ರೆ ಬರೆಯುವವರಿಗೆ ಅನುಕೂಲವಾಗಲೆಂದು ಒಂದಿಷ್ಟು ವಿವರ. ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ. ಆರನ್ನು ಎರಡು ಸಲ ಓದಿದ್ದರಿಂದ ಎಂಟು ಎಂದು ಹಿಡಿಯಬಹುದು. ಕಸುಬು ತಕ್ಕಡಿ ರಿಪೇರಿ. ಮಾರುಕಟ್ಟೆಯ ಮೂರನೆಯ ಸಾಲಿನಲ್ಲಿ ಮೂವತ್ತೊಂದು ವರ್ಷದಿಂದ ಅಂಗಡಿ. ನನಗಿಂತ ಹಿರಿಯರೂ ತಕ್ಕಡಿ ಮಾಮ ಎಂದೇ ಕರೆಯುತ್ತಾರೆ. ಇನ್ನೂರ ಹದಿನಾರು ಜನರ ನಮ್ಮ ಪತ್ತಿನ ಸಂಘದಲ್ಲಿ ನಾನು ಹಳೆಯ ಸದಸ್ಯ. ನೂರು ಷೇರು ಇದ್ದವನಿಗೂ ಒಂದೇ ಮತ, ಒಂದು ಷೇರಿನವನಿಗೂ ಒಂದೇ ಮತ.

ಸಂಘದ ಅಧ್ಯಕ್ಷ ಹಗ್ಗದಜ್ಜ, ಮುಂಬಾಗಿಲಲ್ಲಿ ಹಗ್ಗ ಮಾರುವವನು, ಎದೆನೋವಿನಿಂದ ಮಲಗಿದ್ದಾನೆ. ಈ ತಿಂಗಳ ಕೊನೆಗೆ ಕುರ್ಚಿ ಬಿಡುತ್ತಾನಂತೆ. ಒಂದೇ ತಿಂಗಳಲ್ಲಿ ಎರಡು ಕುರ್ಚಿ ಖಾಲಿ. ಯಾವುದನ್ನು ಒಪ್ಪಿಕೊಳ್ಳುವುದೆಂದು ಯೋಚಿಸುತ್ತಿದ್ದೇನೆ.

ಮಾರ್ಚ್ ೫, ಗುರುವಾರ

ದೊಡ್ಡಮನೆಯ ಅಧಿಕಾರಿ ಬಂದಿದ್ದಳು. ಸಂಘದ ಕೋಣೆಯಲ್ಲಿ ಕುರ್ಚಿ ಸಾಲದೆ ಅರ್ಧ ಜನ ಗೋಡೆಗೆ ಒರಗಿ ನಿಂತಿದ್ದರು. ಐವತ್ತರ ಆಸುಪಾಸಿನ ಹೆಂಗಸು. ನಮ್ಮ ಮಾತನ್ನೇ ಆಡುತ್ತಾಳೆ, ಸ್ವಲ್ಪ ಪುಸ್ತಕದ ಹಾಗೆ. ಮಾರುಕಟ್ಟೆಯ ಸೋರುವ ಮಾಡು ಕಿತ್ತು, ಹೊಸ ಕಟ್ಟಡ ಕಟ್ಟಲು ಅವರ ಮನೆ ಸಾಲ ಕೊಡುತ್ತದೆ. ನಾವು ಬಾಡಿಗೆಯ ಜೊತೆ ಇಪ್ಪತ್ತೆರಡು ವರ್ಷ ತೀರಿಸಬೇಕು. ಸಾಲ ವಸೂಲಿ ನಮ್ಮ ಸಂಘದ್ದೇ. ಅದಕ್ಕೆ ಸಂಘದಲ್ಲಿ ಎರಡು ಸುಧಾರಣೆ ಆಗಬೇಕಂತೆ. ಮತ ಇನ್ನು ಮುಂದೆ ತಲೆಗೊಂದಲ್ಲ, ಷೇರಿಗೊಂದು. ಅಧ್ಯಕ್ಷನಾಗುವವನಿಗೆ ಯಾವ ಸಾಲವೂ ಇರಕೂಡದು.

ಎರಡನೆಯದನ್ನು ಕೇಳಿ ಕೋಣೆ ಗುಜುಗುಜು ಎಂದಿತು. ನಮ್ಮ ನಿಯಮ ಇದಕ್ಕೆ ತದ್ವಿರುದ್ಧ. ಸಂಘದ ಸಾಲ ಇರುವವನೇ ಅಧ್ಯಕ್ಷನಾಗಬೇಕು. ಆಗುವ ಮುಂಚೆ ಎಲ್ಲರೆದುರು ನಿಂತು ಸಾಲ ಎಷ್ಟು, ಯಾವುದಕ್ಕೆ ತೆಗೆದುಕೊಂಡೆ, ಅದು ಏನಾಯಿತು ಎಂದು ಹೇಳಬೇಕು. ಹೇಳಿದ್ದು ನಡಾವಳಿ ಪುಸ್ತಕದಲ್ಲಿ ದಾಖಲಾಗುತ್ತದೆ.

ಎದ್ದು ನಿಂತು ಸ್ವಾಗತಿಸಿದವನು ಇಸ್ತ್ರಿಯೊಬ್ಬನೇ. ಶೀತಲ ಗೋದಾಮಿನ ಮಾಲೀಕ, ಅಂಗಿಯ ಮಡಿಕೆ ಸಂಜೆಯವರೆಗೂ ಕೆಡುವುದಿಲ್ಲ, ಆ ಹೆಸರು ಅದಕ್ಕೇ. ಅವನ ಹತ್ತಿರ ನಾನೂರು ಷೇರು, ಸಾಲ ಸೊನ್ನೆ. ಹೊಸ ನಿಯಮ ಬಂದರೆ ಅವನೊಬ್ಬನೇ ಕೂತು ಸಭೆ ನಡೆಸಿ, ಅವನೇ ವಂದನಾರ್ಪಣೆ ಮಾಡಿಕೊಂಡು ಎದ್ದು ಹೋಗಬಹುದು.

ಸಭೆ ಮುಗಿದ ಮೇಲೆ ಆಕೆಯನ್ನು ಬದಿಗೆ ಕರೆದು, ನಿಮ್ಮ ಯಜಮಾನರಲ್ಲಿ ನಾನೂ ಒಬ್ಬ ಎಂದು ಹೇಳಿ, ನನ್ನ ಕಾಗದ ತೋರಿಸಿದೆ. ಆಕೆ ಕನ್ನಡಕ ತೆಗೆದು ನೋಡಿದಳು, ಹಾಕಿಕೊಂಡು ನೋಡಿದಳು. "ನಮ್ಮಲ್ಲಿ ಷೇರು ಇರೋದು ದೇಶಗಳಿಗೆ ಮಾತ್ರ, ಯಾವ ವ್ಯಕ್ತಿಗೂ ಅದನ್ನ ಮಾರೋದಿಲ್ಲ. ಇದಕ್ಕೆ ನೀವು ದುಡ್ಡು ಕೊಟ್ರಾ?" ಎಂದು ಮೆಲ್ಲಗೆ ಕೇಳಿದಳು.

ಕೊಟ್ಟಿಲ್ಲ, ಯಾರೋ ಉಡುಗೊರೆ ಕೊಟ್ಟರು ಎಂದೆ.

ಕೆಳದರ್ಜೆಯ ಅಧಿಕಾರಿ ಇರಬೇಕು. ಮೇಲಿನ ವಿಚಾರ ಎಲ್ಲ ಅವರಿಗೆ ಹೇಳಿರುವುದಿಲ್ಲ.

ಮಾರ್ಚ್ ೬, ಶುಕ್ರವಾರ

ಅಂಗಡಿ ತೆರೆಯಲಿಲ್ಲ. ತಲೆನೋವು.

ಮಾರ್ಚ್ ೭, ಶನಿವಾರ

ಪೊಲೀಸು ಠಾಣೆಗೆ ಹೋಗಿ ಸುಮ್ಮನೆ ವಿಚಾರಿಸಿದೆ, ನನ್ನ ಗೆಳೆಯನೊಬ್ಬನಿಗೆ ಹೀಗಾಗಿದೆ ಎಂದು. ಬರೆದುಕೊಳ್ಳುವವನು ತಲೆಯೆತ್ತದೆ, ನಿಮ್ಮ ಗೆಳೆಯ ಈ ವರ್ಷದಲ್ಲಿ ಹದಿಮೂರನೆಯವರು ಎಂದ. ಟೈ ಕಟ್ಟಿದವನು ಮೂರು ಊರಿನಲ್ಲಿ ಮೂರು ಥರದ ಕಾಗದ ಮಾರಿದ್ದಾನಂತೆ.

ನಷ್ಟ ಅಂಥದ್ದೇನೂ ಅಲ್ಲ. ಒಂದು ಸಾವಿರ. ಹೆಚ್ಚೆಂದರೆ ಒಂದೂವರೆ. ಆ ದುಡ್ಡಿಗೆ ಆ ಬಳ್ಳಿಯ ಅಂಚಿನ ಚಿತ್ರವೊಂದೇ ಸಾಕು.

ಮಾರ್ಚ್ ೧೦, ಮಂಗಳವಾರ

ಹಗ್ಗದಜ್ಜ ಹೇಳಿ ಕಳುಹಿಸಿದ್ದ. ಎರಡನೆಯ ಮಹಡಿ, ಮೆಟ್ಟಿಲ ಉದ್ದಕ್ಕೂ ಸೆಣಬಿನ ವಾಸನೆ. ಮೂರು ದಿಂಬು ಒರಗಿಸಿಕೊಂಡು ಕೂತಿದ್ದ. ನಾನು ನಿಲ್ಲಬೇಕಂತೆ, ಅಧ್ಯಕ್ಷ ಸ್ಥಾನಕ್ಕೆ. ನಾನು ಕೂಡಲೇ ಒಪ್ಪಿಕೊಂಡೆ ಎಂದು ಬರೆದರೆ ಗೌರವಕ್ಕೆ ಕಡಿಮೆ. ಅದಕ್ಕೆ ಎರಡು ನಿಮಿಷ ಕಿಟಕಿಯ ಹೊರಗೆ ನೋಡಿದೆ, ಆಮೇಲೆ ಒಪ್ಪಿಕೊಂಡೆ.

ನಿಯಮ ಹುಟ್ಟಿದ ಕಥೆಯನ್ನು ಅವನು ಮತ್ತೊಮ್ಮೆ ಹೇಳಿದ. ನಾನು ಮಾರುಕಟ್ಟೆಗೆ ಬರುವುದಕ್ಕೂ ಮುಂಚೆ ಬೆಂಕಿ ಬಿದ್ದು ಎರಡು ಸಾಲು ಸುಟ್ಟುಹೋದವು. ಆಗಿನ ಅಧ್ಯಕ್ಷ ಸಾಲವೇ ಇಲ್ಲದ ಮನುಷ್ಯ. ಬೂದಿ ಆರುವ ಮೊದಲೇ ಕಂತು ವಸೂಲಿಗೆ ಚೀಟಿ ಹೊರಡಿಸಿದ. "ಕೆಟ್ಟೋನಲ್ಲ ಕಣೋ ಅವನು," ಎಂದ ಅಜ್ಜ. "ದಿನಾ ಆಸ್ಪತ್ರೆಗೆ ಬಂದು ಎಲ್ಲರನ್ನೂ ಮಾತಾಡಿಸಿ ಹೋಗ್ತಿದ್ದ. ಆದ್ರೆ ಕಂತು ಅಂದ್ರೆ ಏನು ಅಂತ ಅವನಿಗೆ ಮೈಗೆ ತಾಗಿರಲಿಲ್ಲ. ಅದು ಅವನ ತಪ್ಪಲ್ಲ, ಅವನನ್ನ ಅಲ್ಲಿ ಕೂರಿಸಿದ ನಮ್ಮ ತಪ್ಪು."

ಸಾಲಗಾರನೇ ಕುರ್ಚಿಯಲ್ಲಿ ಕೂತರೆ ತನ್ನ ಸಾಲವನ್ನು ತಾನೇ ಮನ್ನಾ ಮಾಡಿಕೊಂಡಾನು ಎಂದು ಇಸ್ತ್ರಿ ಹೇಳುತ್ತಾನಲ್ಲ ಎಂದೆ. ಅದಕ್ಕೇ ತಾನೇ ಬಾಯಿಬಿಟ್ಟು ಎಲ್ಲರೆದುರು ಹೇಳಿಸುವುದು, ಇನ್ನೂರು ಜನರ ಕಣ್ಣು ಅವನ ಮೇಲಿರುತ್ತದೆ ಎಂದ ಅಜ್ಜ. ಆಮೇಲೆ, ನಿನ್ನ ಮೂವತ್ತು ಸಾವಿರ ಇದೆಯಲ್ಲ, ತಕ್ಕಡಿ ಪರೀಕ್ಷೆ ಮಾಡುವ ತೂಕಗಳಿಗೆ ಎಂದು ತೆಗೆದುಕೊಂಡದ್ದು, ಅದನ್ನು ಹೇಳಿದರೆ ಮುಗಿಯಿತು ಎಂದ.

ಆಗ ನನಗೆ ಕಿಟಕಿಯ ಹೊರಗೆ ನಿಜವಾಗಿಯೂ ನೋಡಬೇಕೆನಿಸಿತು.

ಮಾತು ಬದಲಿಸಲು ದೊಡ್ಡಮನೆಯ ಷೇರಿನ ವಿಷಯ ಹೇಳಿಬಿಟ್ಟೆ. ದುಡ್ಡಿನ ಸುದ್ದಿ ಎತ್ತಲಿಲ್ಲ, ಮತ ಕಳುಹಿಸಿದ್ದನ್ನು ಮಾತ್ರ ಹೇಳಿದೆ. ಯಾರಿಗೆ ಹಾಕಿದೆ ಎಂದು ಕೇಳಿದ. ಅಭ್ಯರ್ಥಿಗಳ ಪಟ್ಟಿ ಕೊಟ್ಟಿರಲಿಲ್ಲ, ನಿನ್ನ ಹೆಸರನ್ನೇ ಬರೆದೆ ಎಂದೆ. ಅಜ್ಜ ನಕ್ಕು ನಕ್ಕು ಕೆಮ್ಮು ಹತ್ತಿ, ಅವನ ಮಗಳು ನೀರು ತಂದು ನನ್ನನ್ನು ದುರುಗುಟ್ಟಿ ನೋಡಿದಳು.

"ಅಲ್ಲಿ ಚಳಿ ಇರುತ್ತೇನೋ," ಎಂದ ಕೊನೆಗೆ.

ಮಾರ್ಚ್ ೧೧, ಬುಧವಾರ

ಮೂರು ಸಾವಿರ ಎಂದೇ ಬರೆಯುತ್ತೇನೆ. ಮೊನ್ನೆ ಬರೆಯುವಾಗ ಆತುರದಲ್ಲಿದ್ದೆ.

ಮಾರ್ಚ್ ೧೪, ಶನಿವಾರ

ಪ್ರಚಾರ ಆರಂಭ. ಬೇರೆಯವರಾದರೆ ಕೈಮುಗಿದು ಹೋಗುತ್ತಾರೆ, ನಾನು ತಿರುಪುಳಿ ಹಿಡಿದು ಹೋದೆ. ಸಾಲಿನ ಪ್ರತಿ ಅಂಗಡಿಯ ತಕ್ಕಡಿಯನ್ನೂ ಪುಕ್ಕಟೆ ನೋಡಿಕೊಡುತ್ತೇನೆ ಎಂದೆ. ತಟ್ಟೆ ಒರೆಸಿ, ಮುಳ್ಳು ಸೊನ್ನೆಗೆ ತಂದು, ಕಾಲಿನ ಸ್ಕ್ರೂ ಬಿಗಿಸುವಷ್ಟರಲ್ಲಿ ಹತ್ತು ನಿಮಿಷ ಆಗುತ್ತದೆ. ಆ ಹತ್ತು ನಿಮಿಷದಲ್ಲಿ ನನ್ನ ಸಾಹಸಗಳನ್ನು ಹೇಳುವುದೆಂದು ಲೆಕ್ಕ ಹಾಕಿದ್ದೆ. ಆದರೆ ಜನ ನನಗೆ ಅವಕಾಶವನ್ನೇ ಕೊಡುವುದಿಲ್ಲ.

ಮೊಟ್ಟೆ ಮಾರುವವಳು, ಹೊಸ ಕಟ್ಟಡಕ್ಕೆ ಬಾಡಿಗೆ ಎಷ್ಟಾಗುತ್ತದೆ ಮಾಮ ಎಂದು ಕೇಳಿದಳು. ಈಗಿನ ಎರಡೂಕಾಲು ಪಟ್ಟು. ಅವಳು ಕೈಯಲ್ಲಿದ್ದ ಮೊಟ್ಟೆಯನ್ನು ನೋಡಿಯೇ ನೋಡಿದಳು, ಅದರ ಮೇಲೆ ಉತ್ತರ ಬರೆದಿದೆಯೇನೋ ಎಂಬ ಹಾಗೆ. ಕೀಲಿ ಮಾಡುವವನು ಮಗಳ ಶಸ್ತ್ರಚಿಕಿತ್ಸೆಗೆಂದು ಸಾಲ ತೆಗೆದಿದ್ದಾನೆ. ಮಾರುಕಟ್ಟೆಯಲ್ಲಿ ಯಾರಿಗೂ ಗೊತ್ತಿಲ್ಲ, ಯಂತ್ರ ಕೊಳ್ಳಲು ಎಂದೇ ಹೇಳಿದ್ದಾನೆ. ನನಗೆ ಯಾಕೆ ಹೇಳಿದನೋ. ಬಹುಶಃ ನಾನು ತಲೆ ಬಗ್ಗಿಸಿ ಸ್ಕ್ರೂ ತಿರುಗಿಸುತ್ತಿದ್ದೆ, ಮುಖ ನೋಡುತ್ತಿರಲಿಲ್ಲ, ಅದಕ್ಕಿರಬೇಕು.

ಒಟ್ಟು ಹದಿನೇಳು ತಕ್ಕಡಿ. ನನ್ನ ಸಾಹಸಗಳಲ್ಲಿ ಒಂದನ್ನೂ ಹೇಳಲಾಗಲಿಲ್ಲ.

ಮಾರ್ಚ್ ೧೬, ಸೋಮವಾರ

ಚೂಟಿ ಅಂಗಡಿಗೆ ಬಂದಳು. ಅಕ್ಕನ ಮಗಳು. ಸಂಘದ ಗುಮಾಸ್ತೆ, ನಡಾವಳಿ ಬರೆಯುವವಳು ಅವಳೇ. ಸಣ್ಣವಳಿದ್ದಾಗ ನನ್ನ ತಕ್ಕಡಿಯ ತಟ್ಟೆಯಲ್ಲಿ ಕೂತು ಉಯ್ಯಾಲೆಯಾಡುತ್ತಿದ್ದಳು. ಈಗ ಕನ್ನಡಕದ ಮೇಲಿಂದ ನೋಡುತ್ತಾಳೆ.

ಸ್ಟೂಲಿನ ಮೇಲೆ ಕೂತು ಅಂಗಡಿಯನ್ನೆಲ್ಲ ಒಂದು ಸುತ್ತು ನೋಡಿ, "ಮಾಮ, ಮೂವತ್ತು ಸಾವಿರದ ಹೊಸ ತೂಕಗಳು ಎಲ್ಲಿ?" ಎಂದಳು.

ಹೊಳಪು ಹಾಕಿಸಲು ಕೊಟ್ಟಿದ್ದೇನೆ ಎಂದೆ.

"ಎಂಟು ತಿಂಗಳಿಂದಾನಾ?"

ನಾನು ಒಂದು ಸ್ಪ್ರಿಂಗನ್ನು ಬಹಳ ಗಮನವಿಟ್ಟು ನೋಡತೊಡಗಿದೆ. ಅವಳು ಬೈಯಲಿಲ್ಲ. ಸಭೆಯ ದಿನ ನೀವು ಏನು ಹೇಳುತ್ತೀರೋ ಅದನ್ನು ಅಕ್ಷರ ಬಿಡದೆ ಬರೆಯುವುದು ನನ್ನ ಕೆಲಸ, ಸುಳ್ಳು ಹೇಳಿದರೆ ಸುಳ್ಳನ್ನೇ ಬರೆಯುತ್ತೇನೆ, ಅದು ಅಲ್ಲಿಯೇ ಉಳಿಯುತ್ತದೆ, ನಿಮ್ಮ ಹೆಸರಿನ ಕೆಳಗೆ ಎಂದು ಹೇಳಿ ಎದ್ದು ಹೋದಳು. ಅಕ್ಕನೂ ಹೀಗೆಯೇ. ಬೈದರೆ ಸಹಿಸಬಹುದು, ಬೈಯದೆ ಹೋಗುವುದೇ ಇವರ ವಂಶದ ವಿದ್ಯೆ. ಅದು ನನಗೆ ಮಾತ್ರ ಯಾಕೆ ಬರಲಿಲ್ಲವೋ.

ಹತ್ತು ಸಾವಿರ. ಹನ್ನೆರಡು ಇರಬಹುದು.

ಮಾರ್ಚ್ ೧೮, ಬುಧವಾರ

ಇಸ್ತ್ರಿ ತನ್ನ ಗೋದಾಮಿನ ಆಫೀಸಿಗೆ ಕರೆದಿದ್ದ. ಒಳಗೆ ಎಷ್ಟು ತಣ್ಣಗಿತ್ತೆಂದರೆ ಮಾತು ಬಾಯಿಂದ ಹೊಗೆಯಾಗಿ ಬರುತ್ತಿತ್ತು. ಚಹಾ ತರಿಸಿದ. ಅಧಿಕಾರಿಗೆ ನಾನು ಕಾಗದ ತೋರಿಸುವಾಗ ಅವನು ಬಾಗಿಲ ಬಳಿಯೇ ಇದ್ದನಂತೆ. ಹುಡುಕಿ ಎಲ್ಲ ತಿಳಿದುಕೊಂಡಿದ್ದಾನೆ, ಏಜೆಂಟನ ಕಥೆ, ಸಂಘದ ಸಾಲದ ಕಥೆ. ಎಲ್ಲವನ್ನೂ ಬಹಳ ಮರ್ಯಾದೆಯಿಂದಲೇ ಹೇಳಿದ, ಅಂಗಿಯ ತೋಳು ಸರಿಮಾಡಿಕೊಳ್ಳುತ್ತ.

"ಮಾಮ, ನಿಮ್ಮ ಸಾಲ ಪೂರ್ತಿ ನಾನು ಕಟ್ಟಿಬಿಡ್ತೀನಿ. ನಾಳೇನೇ. ವಾಪಸ್ ಕೊಡೋದೂ ಬೇಡ. ಸಾಲ ಇಲ್ದೋರು ನಿಲ್ಲೋ ಹಾಗಿಲ್ಲ, ನೀವು ನಿಲ್ಲೋದಿಲ್ಲ. ನಿಂತಿಲ್ಲ ಅಂದ್ಮೇಲೆ ಯಾರಿಗೂ ಏನೂ ಹೇಳಬೇಕಾಗಿಲ್ಲ. ನಿಮ್ಮ ಮರ್ಯಾದೆ ನಿಮ್ಮ ಹತ್ರ."

ಮತ್ತೆ, ನಾನು ನಿಂತರೆ? ಆ ಕಾಗದದ ಕಥೆಯನ್ನು ಅವನೇ ಸಭೆಯಲ್ಲಿ ಹೇಳಬೇಕಾಗುತ್ತದಂತೆ, ಸಂಘದ ಹಿತದೃಷ್ಟಿಯಿಂದ.

ನಾನು ಇಲ್ಲ ಎನ್ನಲಿಲ್ಲ. ಮೂವತ್ತೊಂದು ವರ್ಷದಲ್ಲಿ ನನ್ನ ಸಾಲ ತೀರಿಸುತ್ತೇನೆಂದವರು ಇವನೊಬ್ಬನೇ. ಭಾನುವಾರ ತಿಳಿಸುತ್ತೇನೆ ಎಂದು ಬಂದೆ. ಬರುವ ದಾರಿಯಲ್ಲಿ ಕಾಲು ಹಗುರಾಗಿತ್ತು, ಅದನ್ನು ಬಚ್ಚಿಡುವುದಿಲ್ಲ. ತೂಕದವನಿಗೆ ತೂಕ ಇಳಿದದ್ದು ಗೊತ್ತಾಗುತ್ತದೆ.

ಮಾರ್ಚ್ ೨೦, ಶುಕ್ರವಾರ

ದೊಡ್ಡಮನೆಗೆ ಹೊಸ ಅಧ್ಯಕ್ಷ ಬಂದಾಯಿತು. ಪೇಪರಿನ ಒಂಬತ್ತನೆಯ ಪುಟ. ಹಿಂದಿನವನ ದೇಶದವನೇ. ಅವನ ಹಿಂದಿನವನೂ ಅದೇ ದೇಶದವನು, ಅವನಿಗಿಂತ ಹಿಂದಿನವನೂ. ಮೊದಲಿಂದ ಇವತ್ತಿನವರೆಗೆ ಸಾಲ ಕೊಡುವವರ ಪೈಕಿಯೇ ಹೊರತು, ಸಾಲ ಪಡೆಯುವವರ ಪೈಕಿ ಒಬ್ಬನೂ ಆ ಕುರ್ಚಿಯಲ್ಲಿ ಕೂತಿಲ್ಲವಂತೆ. ಚಿತ್ರದಲ್ಲಿ ನಗುತ್ತಿದ್ದಾನೆ. ಒಳ್ಳೆಯ ಮನುಷ್ಯನ ಹಾಗೆಯೇ ಕಾಣುತ್ತಾನೆ. ಬಡತನ ತೊಲಗಿಸುತ್ತೇನೆ ಎಂದಿದ್ದಾನೆ.

ನನಗೆ ಸಿಟ್ಟು ಬಂತು. ನನ್ನ ಮತ ಲೆಕ್ಕಕ್ಕೆ ಬರಲಿಲ್ಲವೆಂದಲ್ಲ, ಅದು ಎಲ್ಲಿ ಹೋಯಿತೆಂದು ಈಗ ನನಗೆ ಗೊತ್ತು. ಸಿಟ್ಟು ಬಂದದ್ದು ಮೊಟ್ಟೆಯವಳ ಕಾರಣಕ್ಕೆ. ಅವಳ ಬಾಡಿಗೆ ಎರಡೂಕಾಲು ಪಟ್ಟಾಗಬೇಕೆಂದು ತೀರ್ಮಾನಿಸಿದ ಕೋಣೆ ಎಲ್ಲಿದೆಯೋ ಅವಳಿಗೆ ಗೊತ್ತಿಲ್ಲ. ಆ ಕೋಣೆಯಲ್ಲಿ ಅವಳ ಕಡೆಯವರು ಯಾರಾದರೂ ಇದ್ದರೇ ಎಂದು ಕೇಳಲು ಕಿಟಕಿಯೇ ಇಲ್ಲ. ಇಲ್ಲಿ ನಮ್ಮ ಸಂಘದಲ್ಲಿಯಾದರೆ ಹಗ್ಗದಜ್ಜನ ಮನೆಗೆ ಹೋಗಿ ಬಾಗಿಲು ಬಡಿದು, ಏನಜ್ಜಾ ಹೀಗೆ ಮಾಡಿದೆ ಎಂದು ಕೇಳಬಹುದು. ಅವನಿಗೂ ಕಂತು ಇರುತ್ತದೆ, ನಮ್ಮ ಹಾಗೆಯೇ ಐದನೆಯ ತಾರೀಖಿಗೆ.

ಈಗ ಆ ಒಂದು ಬಾಗಿಲನ್ನೂ ಮುಚ್ಚಬೇಕಂತೆ. ಸುಧಾರಣೆ.

ಮಾರ್ಚ್ ೨೧, ಶನಿವಾರ

ಅಧಿಕಾರಿ ನನ್ನ ಅಂಗಡಿ ಹುಡುಕಿಕೊಂಡು ಬಂದಳು. ಸಾಮಾನು ತೂಗುವ ಕೈತಕ್ಕಡಿ ಕೆಟ್ಟಿದೆಯಂತೆ, ವಿಮಾನದವರು ಪ್ರತಿ ಸಲ ದಂಡ ಹಾಕುತ್ತಾರಂತೆ. ಒಳಗೆ ಕೊಕ್ಕೆ ಬಗ್ಗಿತ್ತು, ಅಷ್ಟೇ. ಸರಿಮಾಡುತ್ತ, ನಿಮ್ಮ ಹೊಸ ಯಜಮಾನರು ಎಂದಾದರೂ ಸಾಲ ಮಾಡಿದ್ದಾರೆಯೇ ಎಂದು ಕೇಳಿದೆ. ಮನೆಗೆ ಮಾಡಿರಬಹುದು ಎಂದಳು. ಕಂತು ತಪ್ಪಿರಲಿಕ್ಕಿಲ್ಲ ಎಂದೆ. ಆಕೆ ನಕ್ಕಳು.

ಆಮೇಲೆ ತಾನಾಗಿಯೇ ಹೇಳಿದಳು. "ಹತ್ತೊಂಬತ್ತು ವರ್ಷದಿಂದ ಅಲ್ಲಿದ್ದೇನೆ. ನನ್ನದೂ ಸಾಲ ಪಡೆಯುವ ದೇಶವೇ. ಅಧ್ಯಕ್ಷರು ಯಾರಾಗಬೇಕು ಅಂತ ನನ್ನನ್ನೂ ಯಾರೂ ಕೇಳುವುದಿಲ್ಲ."

ಹಾಗಿದ್ದರೆ ನಮಗೆ ಈ ಷರತ್ತು ಯಾಕೆ ಎಂದೆ. ಷರತ್ತು ತಾನು ಬರೆದದ್ದಲ್ಲ, ಕಾಗದ ತರುವುದಷ್ಟೇ ತನ್ನ ಕೆಲಸ ಎಂದಳು. ಸಭೆ ಏನು ತೀರ್ಮಾನಿಸಿದರೂ ಇದ್ದದ್ದು ಇದ್ದ ಹಾಗೆ ವರದಿ ಬರೆಯುತ್ತೇನೆ, ಆದರೆ ಒಪ್ಪದಿದ್ದರೆ ಕಟ್ಟಡದ ಸಾಲ ತಪ್ಪಿಹೋಗಬಹುದು, ಸುಳ್ಳು ಭರವಸೆ ಕೊಡುವುದಿಲ್ಲ ಎಂದಳು. ಮಾಡು ಮುಂದೆಯೂ ಸೋರೀತು. ಅದೂ ಸಣ್ಣ ಮಾತಲ್ಲ.

ರಿಪೇರಿಗೆ ಎಷ್ಟು ಎಂದು ಕೇಳಿದಳು. ದೊಡ್ಡಮನೆಗೆ ಸಾಲ ಕೊಟ್ಟೆನೆಂದು ಬರೆದುಕೊಳ್ಳುತ್ತೇನೆ, ಷರತ್ತು ಆಮೇಲೆ ಕಳುಹಿಸುತ್ತೇನೆ ಎಂದೆ. ಆದರೂ ದುಡ್ಡು ಇಟ್ಟೇ ಹೋದಳು.

ಮಾರ್ಚ್ ೨೨, ಭಾನುವಾರ

ಬೆಳಿಗ್ಗೆ ಇಸ್ತ್ರಿಗೆ ಫೋನು ಮಾಡಿ, ಚಹಾ ಚೆನ್ನಾಗಿತ್ತು, ಉಳಿದದ್ದು ಬೇಡ ಎಂದೆ. ಅವನು, "ಯೋಚನೆ ಮಾಡಿ ಮಾಮ, ಜನ ನಗ್ತಾರೆ," ಎಂದ.

ನಗಲಿ. ಮಾರುಕಟ್ಟೆಯಲ್ಲಿ ನಗು ಪುಕ್ಕಟೆ ಸಿಗುವ ವಸ್ತು.

ಯಾಕೆ ಹಾಗೆ ಹೇಳಿದೆನೋ ಸರಿಯಾಗಿ ಗೊತ್ತಿಲ್ಲ. ಹೇಳುವಾಗ ಕೀಲಿಯವನ ನೆನಪಾಗಿತ್ತು.

ಮಾರ್ಚ್ ೨೫, ಬುಧವಾರ

ಇವಳಿಗೆ ಹೇಳಿಬಿಡಬೇಕೆಂದು ಮಧ್ಯಾಹ್ನವೇ ಅಂಗಡಿ ಮುಚ್ಚಿ ಮನೆಗೆ ಹೋದೆ. ಇವಳು ಅಂದರೆ ನನ್ನ ಹೆಂಡತಿ. ಬ್ರೆಡ್ಡಿನ ಅಂಚು ಬಿಡಿಸಿ, ಹಾಲಿನಲ್ಲಿ ನೆನೆಸಿಕೊಂಡು ತಿನ್ನುತ್ತಿದ್ದಳು. ಎರಡು ವರ್ಷದಿಂದ ಹೀಗೆ. ಬಾಯಲ್ಲಿ ಉಳಿದಿರುವುದು ಐದು ಹಲ್ಲು. ಹಲ್ಲಿನ ಸೆಟ್ಟಿಗೆಂದು ಕೂಡಿಸಿಟ್ಟಿದ್ದ ದುಡ್ಡನ್ನು ನಾನೇ ಕಟ್ಟಿಬರುತ್ತೇನೆಂದು ಕೇಳಿ ತೆಗೆದುಕೊಂಡು ಹೋಗಿದ್ದೆ. ಆಮೇಲೆ ಡಾಕ್ಟರು ಊರಲ್ಲಿಲ್ಲ ಎಂದೆ. ಇನ್ನೊಂದು ಸಲ ಡಾಕ್ಟರಿಗೇ ಹಲ್ಲುನೋವು ಎಂದೆ.

ಇದನ್ನು ಈ ಪುಸ್ತಕದಲ್ಲಿ ಇಲ್ಲಿಯವರೆಗೆ ಬರೆದಿರಲಿಲ್ಲ.

ಷೇರಿನ ಕಥೆ ಹೇಳಿದೆ. ಸಂಘದ ದುಡ್ಡು ಇಪ್ಪತ್ತು ಸಾವಿರ ಹೋಯಿತು ಎಂದೆ. ಅವಳು ಬಟ್ಟಲು ಕೆಳಗಿಟ್ಟಳು. "ನನ್ನ ಹಲ್ಲಿನ ದುಡ್ಡೂ ಅದ್ರಲ್ಲೇ ಹೋಯ್ತಾ?"

ಹೂಂ ಎಂದೆ.

ಮೇಲಿನ ಮನೆಯವರು ಕುರ್ಚಿ ಎಳೆದ ಸದ್ದು, ನಲ್ಲಿ ತೊಟ್ಟಿಕ್ಕುವ ಸದ್ದು. ಕೊನೆಗೆ ಅವಳು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. "ರೀ, ಭಾನುವಾರ ಸಭೇಲಿ ನಾನೂ ಕೂತಿರ್ತೀನಿ, ನಾನೂ ಸದಸ್ಯೆ. ಹೇಳೋದಾದ್ರೆ ಪೂರ್ತಿ ಹೇಳಿ. ಅರ್ಧ ಹೇಳಿದ್ರೆ ಉಳಿದರ್ಧ ಹೊತ್ಕೊಂಡು ಆ ಜನರ ಮಧ್ಯೆ ಕೂರೋದು ನಾನು."

ಇಪ್ಪತ್ತು ಎಂದದ್ದನ್ನು ಅವಳು ನಂಬಿಲ್ಲ. ಮೂವತ್ತೆಂಟು ವರ್ಷ ಜೊತೆಗಿದ್ದವಳು. ಅವಳ ಹತ್ತಿರ ನನ್ನ ಮುಳ್ಳು ಎಂದೂ ಸೊನ್ನೆಯಲ್ಲಿ ನಿಂತಿಲ್ಲ, ಎಷ್ಟು ಕಳೆಯಬೇಕೆಂದು ಅವಳಿಗೆ ಗೊತ್ತು.

ಮಾರ್ಚ್ ೨೭, ಶುಕ್ರವಾರ

ತಕ್ಕಡಿಗಳು, ಒಟ್ಟು ನೂರ ಮೂವತ್ತೆರಡು. ಬೆರಳು ಊದಿದೆ.

ಮಾರ್ಚ್ ೨೯, ಭಾನುವಾರ

ಸಭೆ ಮಾರುಕಟ್ಟೆಯ ನಡುವಿನ ಜಾಗದಲ್ಲೇ ನಡೆಯಿತು, ಕೋಣೆ ಸಾಲಲಿಲ್ಲ. ಹಣ್ಣಿನ ಪೆಟ್ಟಿಗೆಗಳನ್ನು ಬೋರಲು ಹಾಕಿ ಕೂತರು. ಹಗ್ಗದಜ್ಜನನ್ನು ಕುರ್ಚಿಸಮೇತ ಎತ್ತಿ ತಂದರು. ಅಧಿಕಾರಿ ಒಂದು ಪಕ್ಕದಲ್ಲಿ, ತೊಡೆಯ ಮೇಲೆ ಪುಸ್ತಕ. ಇವಳು ಮೂರನೆಯ ಸಾಲಿನಲ್ಲಿ, ಅಕ್ಕನ ಜೊತೆ. ಚೂಟಿ ನಡಾವಳಿ ತೆರೆದು ಪೆನ್ನಿನ ಮುಚ್ಚಳ ತೆಗೆದಳು.

ಮೊದಲನೆಯ ವಿಷಯ ನಿಯಮ ಬದಲಾಯಿಸುವುದು. ಇಸ್ತ್ರಿ ಚೆನ್ನಾಗಿಯೇ ಮಾತಾಡಿದ. ಹೊಸ ಮಾಡು, ಚರಂಡಿ, ಬೆಳಕು. ಇದೆಲ್ಲ ಬೇಕೆಂದರೆ ಲೋಕ ನಡೆಯುವ ಹಾಗೆ ನಾವೂ ನಡೆಯಬೇಕು ಎಂದ. ಸಾಲಗಾರನ ಕೈಗೆ ಪೆಟ್ಟಿಗೆಯ ಕೀಲಿ ಕೊಡುವ ಪದ್ಧತಿ ಎಲ್ಲಾದರೂ ಉಂಟೇ ಎಂದು ಕೇಳಿದ. ಆಮೇಲೆ ನನ್ನ ಕಡೆ ತಿರುಗಿದ. "ನಮ್ಮ ತಕ್ಕಡಿ ಮಾಮ ದೊಡ್ಡಮನೆಗೇ ಮಾಲೀಕರು. ಅವರ ಹತ್ರ ಷೇರಿದೆ, ಮುದ್ರೆ ಒತ್ತಿದ್ದು. ತೋರಿಸಿ ಮಾಮ, ಎಲ್ಲರೂ ನೋಡಲಿ. ಇಂಥೋರ ಕೈಗೆ ಸಂಘ ಕೊಡೋಣವಾ?"

ನಕ್ಕರು. ಇಡೀ ಮಾರುಕಟ್ಟೆ ನಕ್ಕಿತು, ಮೊಟ್ಟೆಯವಳೂ ನಕ್ಕಳು. ನಾನು ಎದ್ದೆ. ಕಾಗದ ಜೇಬಿನಲ್ಲಿತ್ತು, ತೆಗೆದು ಎರಡು ಕೈಯಲ್ಲಿ ಎತ್ತಿ ಹಿಡಿದೆ, ಹಿಂದಿನವರಿಗೂ ಕಾಣಲೆಂದು. ನಗು ನಿಲ್ಲುವವರೆಗೆ ಕಾದೆ. ನನ್ನ ಜೀವನದಲ್ಲಿ ಬಾಯಿ ಮುಚ್ಚಿಕೊಂಡು ಅಷ್ಟು ಹೊತ್ತು ನಿಂತದ್ದು ಅದೇ ಮೊದಲು.

ಏನು ಹೇಳಿದೆನೋ ಪೂರ್ತಿ ನೆನಪಿಲ್ಲ, ಚೂಟಿಯ ಪುಸ್ತಕದಿಂದ ನಕಲು ಮಾಡಿಕೊಂಡಿದ್ದೇನೆ. "ಈ ಕಾಗದ ಸುಳ್ಳು. ಮಾರಿದೋನು ಕಳ್ಳ. ಕೊಂಡೋನು ಪೆದ್ದ, ಅದು ನಾನೇ. ಆದ್ರೆ ಯಾಕೆ ಕೊಂಡೆ ಕೇಳಿ. ನಮ್ಮ ಮಾಡಿಗೆ, ನಮ್ಮ ಬಾಡಿಗೆಗೆ ಷರತ್ತು ಹಾಕೋ ಮನೇಲಿ ನನಗೂ ಒಂದು ಮತ ಇರಬೇಕು ಅಂದ್ಕೊಂಡೆ. ಷೇರು ತಗೊಂಡೋನಿಗೆ ಮತ ಸಿಗುತ್ತೆ ಅಂದ್ಕೊಂಡೆ, ಯಾಕಂದ್ರೆ ಇಲ್ಲಿ ಹಂಗೇ ಇದೆ, ನಾನು ಕಂಡಿರೋದು ಇಷ್ಟೇ. ಕಾಗದ ತಪ್ಪು. ಅಂದ್ಕೊಂಡಿದ್ದೂ ತಪ್ಪಾ? ಸಾಲ ತೀರಿಸೋರು ನಾವು. ಕುರ್ಚಿ ಮೇಲೆ ಯಾರು ಕೂರಬೇಕು ಅಂತ ನಮ್ಮನ್ನ ಕೇಳಬಾರದಾ? ಅವರು ಅಲ್ಲಿ ಕೇಳಲ್ಲ. ಅದಕ್ಕೆ ನಾವು ಇಲ್ಲೂ ಕೇಳೋದು ನಿಲ್ಲಿಸಬೇಕಾ?"

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದ್ದಳು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬರೆಯತೊಡಗಿದಳು.

ಕೈ ಎತ್ತಿಸಿದರು. ನಿಯಮ ಬದಲಾಗಲಿ ಎಂದವರು ಎಪ್ಪತ್ತೊಂದು, ಇದ್ದ ಹಾಗೆ ಇರಲಿ ಎಂದವರು ನೂರ ಇಪ್ಪತ್ತಾರು. ಉಳಿದವರು ಮಾಡಿನ ಕಡೆ ನೋಡುತ್ತ ಕೂತಿದ್ದರು. ಕಟ್ಟಡದ ಸಾಲ ಬಂದೀತೋ ಇಲ್ಲವೋ ಇನ್ನೂ ಯಾರಿಗೂ ಗೊತ್ತಿಲ್ಲ. ಎಪ್ಪತ್ತೊಂದು ಜನರಿಗೆ ನಾವು ಮಾಡಿದ್ದು ಹುಚ್ಚು ಎಂದು ಕಾಣಬಹುದು. ನಾಳೆಯಿಂದ ಅವರ ತಕ್ಕಡಿಗಳನ್ನೂ ನೋಡಬೇಕು, ಅವರ ಮಾತನ್ನೂ ಕೇಳಬೇಕು.

ಆಮೇಲೆ ಅಧ್ಯಕ್ಷನ ಆಯ್ಕೆ. ಚೂಟಿ ಎದ್ದು ನಿಂತು, ನನ್ನನ್ನು ಮೊದಲ ಸಲ ನೋಡುವವಳ ಹಾಗೆ ಕೇಳಿದಳು. ಸಾಲ ಎಷ್ಟು. ಯಾವುದಕ್ಕೆ. ಏನಾಯಿತು. ಇವಳು ಮೂರನೆಯ ಸಾಲಿನಿಂದ ನೆಟ್ಟ ನೋಟ ಕದಲಿಸಲಿಲ್ಲ. ಸಂಘದಿಂದ ತೆಗೆದದ್ದು ಮೂವತ್ತು ಸಾವಿರ, ತೂಕಗಳಿಗೆಂದು ನಿಮಗೆ ಸುಳ್ಳು ಹೇಳಿದೆ, ಎಲ್ಲವೂ ಈ ಕಾಗದಕ್ಕೆ ಹೋಯಿತು ಎಂದೆ. ಯಾರೋ ಹಿಂದಿನಿಂದ ಛೆ ಎಂದರು. ಹೆಂಡತಿಯ ಹಲ್ಲಿನ ದುಡ್ಡು ಎಂಟು ಸಾವಿರದ ನಾನೂರು ಎಂದೆ. ಆಗ ಯಾರೂ ಛೆ ಎನ್ನಲೂ ಇಲ್ಲ. ದೊಡ್ಡಮನೆಯ ಮತದಾರರ ಪಟ್ಟಿಯಲ್ಲಿ ಹೆಸರು ಸೇರಿಸಲೆಂದು ಏಜೆಂಟನಿಗೆ ಕೊಟ್ಟ ಶುಲ್ಕ ಏಳುನೂರು ಎಂದಾಗ ಹಗ್ಗದಜ್ಜ ಮುಖ ಮುಚ್ಚಿಕೊಂಡು ಅಲುಗಾಡತೊಡಗಿದ, ಅಳುವೋ ನಗುವೋ ದೇವರಿಗೇ ಗೊತ್ತು.

ನಾನು ಕೂತೆ. ಕೀಲಿಯವನು ಎದ್ದ. ಅವನನ್ನು ಯಾರೂ ಕೇಳಿರಲಿಲ್ಲ. ನನ್ನ ಸಾಲ ಯಂತ್ರಕ್ಕಲ್ಲ, ಮಗಳ ಆಪರೇಷನ್ನಿಗೆ, ಅದನ್ನೂ ಬರೆದುಕೊಳ್ಳಮ್ಮ ಎಂದ. ಆಮೇಲೆ ಇನ್ನೂ ನಾಲ್ಕು ಜನ ಎದ್ದರು. ಚೂಟಿ ಒಬ್ಬೊಬ್ಬರದನ್ನೂ ಬರೆದುಕೊಂಡಳು, ಎರಡು ಸಲ ಹಾಳೆ ತಿರುಗಿಸಿದಳು.

ನನ್ನೆದುರು ಬೇರೆ ಯಾರೂ ನಿಂತಿರಲಿಲ್ಲ, ಬೇಕು ಬೇಡ ಎಂದು ಕೈ ಎತ್ತಿಸಿದರು. ಹನ್ನೊಂದು ಮತದಿಂದ ಗೆದ್ದೆ. ನನ್ನ ವಿರುದ್ಧ ಹಾಕಿದವರಲ್ಲಿ ಇವಳೂ ಒಬ್ಬಳು. ಕೇಳಿದ್ದಕ್ಕೆ, ಹಲ್ಲು ಬಂದ ಮೇಲೆ ಯೋಚಿಸುತ್ತೇನೆ ಎಂದಳು. ಅವಳದು ಅವಳ ಮತ.

ಇಲ್ಲಿಯವರೆಗೆ ಈ ಪುಸ್ತಕದಲ್ಲಿ ಒಂದು ಸಾವಿರ, ಮೂರು ಸಾವಿರ, ಹನ್ನೆರಡು ಸಾವಿರ ಎಂದೆಲ್ಲ ಬರೆದಿದ್ದೇನೆ. ಯಾವುದನ್ನೂ ಹೊಡೆದುಹಾಕುವುದಿಲ್ಲ. ಸಭೆಯಲ್ಲಿ ಹೇಳಿದ್ದು ಮೂವತ್ತೊಂಬತ್ತು ಸಾವಿರದ ನೂರು. ಅಲ್ಲಿಯೂ ಒಂದನ್ನು ಬಿಟ್ಟಿದ್ದೆ. ನನ್ನ ಮತವನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ಕಳುಹಿಸಿದ್ದೆ, ದಾರಿಯಲ್ಲಿ ಕಳೆದುಹೋಗಬಾರದೆಂದು, ಅದಕ್ಕೆ ಎಂಬತ್ತೈದು. ಹೋದದ್ದು ಒಟ್ಟು ಮೂವತ್ತೊಂಬತ್ತು ಸಾವಿರದ ನೂರ ಎಂಬತ್ತೈದು.